ಮನೆಯಲ್ಲಿ ಒಲೆಯೊಂದೇ ಉಳಿಯಿತು

ಒಂದು ತೊಗಲಿನ ಚೀಲ. ರಾತ್ರಿ ಪೂಜೆ ಮಾಡಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಹೊನ್ನು ತುಂಬಿರುತ್ತದೆ. ಅದೂ ಎಲ್ಲರಿಗೂ ಅಲ್ಲ, ವ್ಯಾಪಾರಿಗಳಿಗೆ ಮತ್ತು ಗಣಿಕೆಯರಿಗೆ ಮಾತ್ರ. ಅದಕ್ಕೊಂದು ಕರಾರೂ ಇದೆ. ಅನ್ಯಾಯದಿಂದ ಕಿತ್ತುಕೊಂಡದ್ದನ್ನೆಲ್ಲ ಕಳೆದುಕೊಂಡವರಿಗೆ ಹಿಂದಿರುಗಿಸಬೇಕು, ನ್ಯಾಯವಾಗಿ ಗಳಿಸಿದ್ದನ್ನು ದೇವರಿಗೂ ಬ್ರಾಹ್ಮಣರಿಗೂ ಕೊಟ್ಟುಬಿಡಬೇಕು. ಕೈ ಪೂರ್ತಿ ಬರಿದಾದ ಮೇಲೆಯೇ ಚೀಲ ಹೊನ್ನು ಕರೆಯುವುದು. ಚಂಪಾನಗರದ ಅತಿ ಶ್ರೀಮಂತೆ, ಅತಿ ಜಾಣೆ, ಊರಿಗೆ ಊರೇ ಹೆಸರು ಹೇಳುವ ಹೆಂಗಸೊಬ್ಬಳು ಈ ಮಾತನ್ನು ನಂಬಿದಳು. ಕೆಲವೇ ದಿನಗಳಲ್ಲಿ ಅವಳ ಮನೆಯಲ್ಲಿ ಒಲೆಯೊಂದು ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಇದನ್ನು ಬರೆದು ಸುಮಾರು 1300 ವರ್ಷಗಳಾಗಿವೆ! ಬರೆದವನು ದಂಡಿ, ಪಲ್ಲವರ ಕಂಚಿಯಲ್ಲಿ ಕ್ರಿ.ಶ. 700ರ ಆಸುಪಾಸಿನಲ್ಲಿ ಇದ್ದವನು. ಪುಸ್ತಕ ‘ದಶಕುಮಾರಚರಿತ’. ಹೆಸರು ಕೇಳಿದ ಕೂಡಲೇ ಸಂಸ್ಕೃತ ಸಾಹಿತ್ಯ ಚರಿತ್ರೆಯ ಪಟ್ಟಿಯೊಂದರಲ್ಲಿ ಬಾಯಿಪಾಠ ಮಾಡಿ ಮರೆತ ಸಾಲು ನೆನಪಾದರೆ ಅದು ನಿಮ್ಮ ತಪ್ಪಲ್ಲ. ಒಮ್ಮೆ ತೆರೆದು ನೋಡಿ. ಜೂಜುಕಟ್ಟೆ, ಗಣಿಕೆಯರ ಬೀದಿ, ಕಳ್ಳರ ಹಾದಿ, ಅರಮನೆಯ ಹಿತ್ತಿಲು ಎಲ್ಲವನ್ನೂ ಸುತ್ತಿಸಿ, ಪುಟಪುಟಕ್ಕೂ ನಗಿಸುವ ಗದ್ಯದ ಕಾದಂಬರಿ ಅದು. ಗೆಳೆಯರ ಗುಂಪೊಂದು ದಿಕ್ಕುದಿಕ್ಕಿಗೆ ಚದುರಿ ಹೋಗುತ್ತದೆ, ಮತ್ತೆ ಕೂಡಿದಾಗ ಒಬ್ಬೊಬ್ಬನೂ ತನಗೆ ಏನೇನಾಯಿತು ಎಂದು ಹೇಳುತ್ತಾ ಹೋಗುತ್ತಾನೆ. ಅವರಲ್ಲಿ ಮಂತ್ರಗುಪ್ತ ಎಂಬುವನ ತುಟಿಗೆ ಪ್ರಿಯೆ ಕಚ್ಚಿದ ಗಾಯ. ತುಟಿ ಕೂಡಿಸಲು ಆಗುವುದಿಲ್ಲ. ಅದಕ್ಕಾಗಿ ದಂಡಿ ಅವನ ಇಡೀ ಕಥೆಯನ್ನು ಪ, ಫ, ಬ, ಭ, ಮ ಎಂಬ ಅಕ್ಷರಗಳೇ ಇಲ್ಲದೆ ಬರೆದಿದ್ದಾನೆ. ಒಂದು ಇಡೀ ಅಧ್ಯಾಯ! ಕನ್ನಡದಲ್ಲಿ ಹಾಗೆ ಒಂದು ಗಂಟೆ ಮಾತಾಡಲು ಹೊರಟರೆ ಅಮ್ಮನನ್ನು ಕರೆಯಲಾಗದು, ಅಪ್ಪನನ್ನೂ ಕರೆಯಲಾಗದು, ಮನೆಗೆ ಬಾ ಅನ್ನಲೂ ಆಗದು.

ಓದುತ್ತಾ ಓದುತ್ತಾ ಎಂಟನೆಯ ಉಚ್ಛ್ವಾಸಕ್ಕೆ, ಅಂದರೆ ಎಂಟನೆಯ ಅಧ್ಯಾಯಕ್ಕೆ, ಬಂದಾಗ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಅಲ್ಲಿ ಬನವಾಸಿಯ ದೊರೆ ಇದ್ದಾನೆ. ಹೆಸರು ಭಾನುವರ್ಮ. ಕುಂತಲದ ದೊರೆ ಇದ್ದಾನೆ, ಅವನ ನರ್ತಕಿ ಇದ್ದಾಳೆ. ಅಂದರೆ ಈ ಪುಸ್ತಕದ ಭೂಪಟದಲ್ಲಿ ನಮ್ಮ ನಾಡಿದೆ! ಶಿಕಾರಿಪುರದಿಂದ ಶಿರಾಳಕೊಪ್ಪ ಹಾದು ಸೊರಬದ ಕಡೆಗೆ ಹೋಗುವ ದಾರಿ, ಅದರ ಅಕ್ಕಪಕ್ಕದ ಬಳ್ಳಿಗಾವೆ, ತಾಳಗುಂದ, ಬಂದಳಿಕೆ, ಕುಬಟೂರು, ಎಲ್ಲವೂ ಹಳೆಯ ಬನವಾಸಿ ನಾಡಿನ ಹೊಟ್ಟೆಯೊಳಗಿನ ಊರುಗಳು. ಶಾಸನಗಳು ಬನವಾಸಿ 12000 ಎಂದು ಕರೆಯುವ ಆ ಪ್ರಾಂತದ ರಾಜಧಾನಿಯಾಗಿ ಬೆಳೆದದ್ದು ಬಳ್ಳಿಗಾವೆ. ಬಂದಳಿಕೆಯ ಸುತ್ತಿನ ನಾಡು ನಾಗರಖಂಡ 70. ಈ ನೆಲದ ಕಲ್ಲುಗಳನ್ನೂ ಆ ಪುಸ್ತಕವನ್ನೂ ಒಟ್ಟಿಗೆ ಓದಿದಾಗ ಒಂದು ಇನ್ನೊಂದಕ್ಕೆ ಉತ್ತರ ಕೊಡುತ್ತದೆ. ಆ ಸಂತೋಷವನ್ನು ಒಬ್ಬನೇ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಮೊದಲು ಆ ಹೆಂಗಸಿನ ಕಥೆ ಹೇಳಬೇಕು.

ಅವಳ ಹೆಸರು ಕಾಮಮಂಜರಿ. ಅಂಗದೇಶದ ರಾಜಧಾನಿ ಚಂಪೆಯ ಗಣಿಕೆ. ಇಂದಿನ ಬಿಹಾರದ ಭಾಗಲ್ಪುರದ ಹತ್ತಿರ ಇದ್ದ ಊರು ಅದು. ಊರಿನ ಹಬ್ಬ, ನೃತ್ಯಸಭೆ, ಉದ್ಯಾನವಿಹಾರ ಯಾವುದೂ ಇವಳನ್ನು ಬಿಟ್ಟು ನಡೆಯದು. ಇವಳ ಮಾತು ರಾಜನವರೆಗೆ ನೇರವಾಗಿ ತಲುಪುತ್ತದೆ. ಇಂಥವಳು ಒಂದು ದಿನ ಕೂದಲು ಕೆದರಿಕೊಂಡು, ಕಣ್ಣೀರು ಸುರಿಸುತ್ತಾ ಗಂಗಾತೀರದ ಮರೀಚಿ ಎಂಬ ಮಹರ್ಷಿಯ ಕಾಲಿಗೆ ಬೀಳುತ್ತಾಳೆ. ಈ ಲೋಕದ ಸುಖ ಸಾಕು, ಪರಲೋಕದ ದಾರಿ ತೋರಿಸಿ ಎನ್ನುತ್ತಾಳೆ. ಹಿಂದೆಯೇ ಅವಳ ತಾಯಿ, ಬಂಧುಗಳು ಅಳುತ್ತಾ ಓಡಿಬರುತ್ತಾರೆ.

ತಾಯಿಯ ಅಹವಾಲು ಈ ಪುಸ್ತಕದ ರತ್ನಗಳಲ್ಲಿ ಒಂದು. ಸ್ವಾಮಿ, ಮಗಳನ್ನು ಸಾಕುವುದೆಂದರೆ ಸುಮ್ಮನೆ ಆಗುತ್ತದೆಯೇ ಎಂದು ಆಕೆ ಲೆಕ್ಕ ಒಪ್ಪಿಸುತ್ತಾಳೆ. ಹುಟ್ಟಿದಾಗಿನಿಂದ ಮೈಕಾಂತಿಗೆ, ಬುದ್ಧಿಗೆ, ಬಲಕ್ಕೆ ಹೊಂದುವ ಊಟ ಹಾಕಬೇಕು. ಐದು ವರ್ಷ ದಾಟಿದ ಮೇಲೆ ಹೆತ್ತ ತಂದೆಗೂ ಹೆಚ್ಚು ಮುಖ ತೋರಿಸದಂತೆ ನೋಡಿಕೊಳ್ಳಬೇಕು. ಹುಟ್ಟುಹಬ್ಬ, ಪುಣ್ಯದಿನಗಳನ್ನು ಊರಿಗೆ ಕಾಣುವಂತೆ ಮಾಡಬೇಕು. ಕುಣಿತ, ಹಾಡು, ವಾದ್ಯ, ನಾಟಕ, ಚಿತ್ರ, ಅಡುಗೆಯ ರುಚಿ, ಸುಗಂಧ, ಹೂವಿನ ಕೆಲಸ, ಬರಹ, ಮಾತುಗಾರಿಕೆ ಎಲ್ಲ ಕಲಿಸಬೇಕು. ವ್ಯಾಕರಣ, ತರ್ಕ, ಜ್ಯೋತಿಷ್ಯ ಮೇಲುಮೇಲೆ ಬಂದರೆ ಸಾಕು. ಮೊದಲ ಸಲ ಸಭೆಯಲ್ಲಿ ಕುಣಿದಾಗ ಹೊಗಳಲು ಜನರನ್ನು ಮೊದಲೇ ಗೊತ್ತುಮಾಡಿ ಕೂರಿಸಬೇಕು. ಸಾಮುದ್ರಿಕ ನೋಡುವವರ ಬಾಯಲ್ಲಿ ಇವಳ ಶುಭಲಕ್ಷಣಗಳನ್ನು ಊರೆಲ್ಲ ಹೇಳಿಸಬೇಕು. ಆಮೇಲೆ ಬೆಲೆಯನ್ನು ಗಗನಕ್ಕೇರಿಸಬೇಕು. ಇಷ್ಟೆಲ್ಲ ಮಾಡಿ ಬೆಳೆಸಿದ ಮಗಳು ಈಗ ಕಾಸಿಲ್ಲದ ಒಬ್ಬ ಚೆಲುವ ಬ್ರಾಹ್ಮಣ ಹುಡುಗನಿಗೆ ಮನಸೋತು, ಮನೆಯ ದುಡ್ಡನ್ನು ಅವನಿಗೆ ಸುರಿದು, ಕಾಡಿಗೆ ಹೊರಟಿದ್ದಾಳೆ ಸ್ವಾಮಿ! ಖ್ಯಾತಿಯನ್ನು ಹೇಗೆ ತಯಾರಿಸುತ್ತಾರೆ ಎಂಬುದನ್ನು ಇಷ್ಟು ಬಿಚ್ಚಿ ತೋರಿಸಿದ ಇನ್ನೊಂದು ಪುಟವನ್ನು ನಾನು ಓದಿಲ್ಲ. ಬಾಡಿಗೆಯ ಚಪ್ಪಾಳೆ ಕೂಡ ಇದೆ, ನೋಡಿ.

ಮರೀಚಿ ಕರುಣೆಯಿಂದ, ನಾಲ್ಕು ದಿನ ಕಾಡಿನಲ್ಲಿ ಇರಲಿ, ಬೇಸರವಾದರೆ ತಾನೇ ಮನೆಗೆ ಬರುತ್ತಾಳೆ ಎಂದು ಬಂಧುಗಳನ್ನು ಕಳಿಸುತ್ತಾನೆ. ಅವಳು ಗಿಡಕ್ಕೆ ನೀರು ಹಾಕುತ್ತಾಳೆ, ಪೂಜೆಗೆ ಹೂವು ಕೊಯ್ಯುತ್ತಾಳೆ, ಧರ್ಮದ ಪ್ರಶ್ನೆ ಕೇಳುತ್ತಾಳೆ. ಆಮೇಲೆ ಮೆಲ್ಲಗೆ, ಧರ್ಮ ಗಟ್ಟಿಯಾಗಿದ್ದವರಿಗೆ ಅರ್ಥಕಾಮಗಳಿಂದ ಏನೂ ಆಗುವುದಿಲ್ಲ, ದೇವತೆಗಳನ್ನೇ ನೋಡಿ ಎಂದು ಒಬ್ಬೊಬ್ಬ ದೇವರ ಪ್ರಣಯಪ್ರಸಂಗವನ್ನೂ ಎತ್ತಿ ಹೇಳುತ್ತಾಳೆ. ಮಹರ್ಷಿ ಸೋತ. ಮೈಗೆ ಗಂಧ ಪೂಸಿ, ಹೂಮಾಲೆ ಹಾಕಿ, ವಿಟನ ವೇಷ ತೊಡಿಸಿ, ಕಾಮೋತ್ಸವದ ದಿನ ಅವನನ್ನು ರಾಜನ ಉದ್ಯಾನಕ್ಕೆ ಕರೆತರುತ್ತಾಳೆ. ರಾಜ ನಗುತ್ತಾ, ಪೂಜ್ಯರ ಜೊತೆ ಕುಳಿತುಕೋ ಎನ್ನುತ್ತಾನೆ. ಆಗ ಇನ್ನೊಬ್ಬ ಹೆಂಗಸು ಎದ್ದು ಕೈಮುಗಿದು, ನಾನು ಸೋತೆ, ಇವತ್ತಿನಿಂದ ನಾನು ಇವಳ ದಾಸಿ ಎನ್ನುತ್ತಾಳೆ. ಇಡೀ ವೈರಾಗ್ಯವೇ ಒಂದು ಪಂದ್ಯ! ಮರೀಚಿಯನ್ನೇ ಗೆದ್ದವಳ ಹಾಗೆ ಬೀಗುತ್ತೀಯಲ್ಲ ಎಂದು ಯಾರೋ ಚುಚ್ಚಿದ್ದಕ್ಕೆ ಕಟ್ಟಿದ ಪಂದ್ಯ. ಮನೆಗೆ ಬಂದ ಮೇಲೆ ಅವಳು ಋಷಿಗೆ ಕೈಮುಗಿದು, ಉಪಕಾರವಾಯಿತು, ಇನ್ನು ತಾವು ತಮ್ಮ ಕೆಲಸ ನೋಡಿಕೊಳ್ಳಬಹುದು ಎಂದು ಕಳಿಸಿಬಿಡುತ್ತಾಳೆ.

ಇನ್ನೊಬ್ಬನ ಪಾಡು ಇದಕ್ಕಿಂತ ಕಷ್ಟ. ಅವನ ಹೆಸರು ವಸುಪಾಲಿತ, ವರ್ತಕನೊಬ್ಬನ ಮಗ. ಕುರೂಪಿ ಎಂದು ಊರು ಅವನನ್ನು ವಿರೂಪಕ ಎಂದೇ ಕರೆಯುತ್ತಿತ್ತು. ಕಾಮಮಂಜರಿ ಅವನನ್ನು ಮೆಚ್ಚಿದ ಹಾಗೆ ಮಾಡಿ, ಮನೆ, ಆಸ್ತಿ, ದುಡ್ಡು ಎಲ್ಲವನ್ನೂ ಹೀರಿ, ಕೊನೆಗೆ ಕೌಪೀನವೊಂದನ್ನು ಉಳಿಸಿ ಹೊರಗೆ ದಬ್ಬಿದಳು. ಅವನು ಹೋಗಿ ಕ್ಷಪಣಕರ, ಅಂದರೆ ಜೈನ ಸನ್ಯಾಸಿಗಳ, ವಿಹಾರ ಸೇರಿಕೊಂಡ. ಅಲ್ಲಿ ಕೂದಲು ಕೀಳುವ ನೋವು ತಡೆಯಲಾರದೆ, ಅಶೋಕ ಮರದ ಕೆಳಗೆ ಒಬ್ಬನೇ ಕುಳಿತು ಅಳುತ್ತಿದ್ದಾನೆ.

ಇಲ್ಲಿ ಒಂದು ಕ್ಷಣ ನಿಂತು ಬಳ್ಳಿಗಾವೆಗೆ ಹೋಗಿಬರೋಣ. ಶಿರಾಳಕೊಪ್ಪದ ಮಗ್ಗುಲಲ್ಲೇ ಇದೆ. ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯ, ಅದಕ್ಕೆ ಸೇರಿದ ಕೋಡಿಮಠ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಹೇಳುತ್ತದೆ. ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣ, ಷಡ್ದರ್ಶನ, ಯೋಗಶಾಸ್ತ್ರ, 18 ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ, ನೃತ್ಯ. ಓದಿನ ಪಟ್ಟಿ ಮುಗಿದ ಮೇಲೆ ಊಟದ ಪಟ್ಟಿ ಬರುತ್ತದೆ. ಬಡವರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯದವರು, ಕುಣಿಯುವವರು, ನಗ್ನರು, ಗಾಯಗೊಂಡವರು, ಕ್ಷಪಣಕರು, ದೇಶದೇಶಗಳಿಂದ ಬಂದ ಭಿಕ್ಷುಕರು. ರೋಗಿಗಳಿಗೆ ಔಷಧ, ಎಲ್ಲ ಜೀವಿಗಳಿಗೂ ಅಭಯ. ಶೈವ ಕಾಳಾಮುಖರ ಮಠದ ಅನ್ನದ ಸಾಲಿನಲ್ಲಿ ಕ್ಷಪಣಕನಿಗೂ ಎಲೆ ಇತ್ತು! ವಿರೂಪಕ ದಂಡಿಯ ಕಲ್ಪನೆಯ ಮನುಷ್ಯ. ಆದರೆ ಎಲ್ಲ ಕಳೆದುಕೊಂಡು ಬಂದವನಿಗೆ, ಅವನು ಯಾವ ಮತದವನೇ ಆಗಲಿ, ಊಟ ಹಾಕಬೇಕು ಎಂದು ಕಲ್ಲಿನಲ್ಲಿ ಕೊರೆದ ಊರು ನಮ್ಮ ಶಿಕಾರಿಪುರ ತಾಲ್ಲೂಕಿನದು. ಆ ಪಟ್ಟಿಯಲ್ಲಿ ಕಥೆ ಹೇಳುವವರೂ ಇದ್ದಾರೆ ಎಂಬುದನ್ನು ಗಮನಿಸಿ.

ಈಗ ಚಂಪೆಗೆ ವಾಪಸು. ಅಳುತ್ತಿದ್ದ ವಿರೂಪಕನ ಮುಂದೆ ಬಂದು ನಿಂತವನು ಅಪಹಾರವರ್ಮ, ಗೆಳೆಯರ ಗುಂಪಿನ ಒಬ್ಬ. ನಿನ್ನ ದುಡ್ಡನ್ನು ಅವಳ ಕೈಯಿಂದಲೇ ಕೊಡಿಸುತ್ತೇನೆ ಎಂದು ಮಾತು ಕೊಡುತ್ತಾನೆ. ಜೂಜುಕಟ್ಟೆಗೆ ಹೋಗಿ 16000 ದೀನಾರ ಗೆದ್ದು, ಅರ್ಧವನ್ನು ಅಲ್ಲಿದ್ದವರಿಗೇ ಹಂಚಿ ಊರನ್ನು ಒಲಿಸಿಕೊಳ್ಳುತ್ತಾನೆ. ಕತ್ತಲಾದ ಮೇಲೆ ಕನ್ನ ಹಾಕಲು ಹೊರಡುತ್ತಾನೆ. ಆಗ ಅವನ ಸೊಂಟದ ಗಂಟಿನಲ್ಲಿ ಏನೇನಿತ್ತು ಎಂದು ದಂಡಿ ಒಂದೊಂದಾಗಿ ಎಣಿಸಿ ತೋರಿಸುತ್ತಾನೆ. ಗೋಡೆ ಕೊರೆಯಲು ಹಾವಿನ ಮೂತಿಯ ಸಲಕರಣೆ, ಇಕ್ಕಳ, ಅಳತೆಯ ದಾರ, ಹಗ್ಗ, ಮಂಕುಬೂದಿ, ಕನ್ನದೊಳಗೆ ಮೊದಲು ತೂರಿಸಿ ನೋಡಲು ಒಂದು ಸುಳ್ಳು ತಲೆ. ಜೊತೆಗೆ ಒಂದು ಪೆಟ್ಟಿಗೆಯ ತುಂಬ ದುಂಬಿಗಳು! ಮನೆಯೊಳಗೆ ಉರಿಯುವ ದೀಪ ಆರಿಸಲು. ಆ ಪೆಟ್ಟಿಗೆಯ ಮುಚ್ಚಳ ತೆರೆದರೆ ದುಂಬಿಗಳು ಬೆಳಕಿಗೆ ಮುಗಿಬೀಳುತ್ತವೆ, ಕತ್ತಲಾಗುತ್ತದೆ.

ಆದರೆ ಕಾಮಮಂಜರಿಯ ಮನೆಗೆ ಅವನು ಕನ್ನ ಹಾಕುವುದಿಲ್ಲ. ಇಡೀ ಕಥೆಯ ಜೀವ ಇಲ್ಲಿದೆ. ಕದ್ದರೆ ಅವಳು ಕಳೆದುಕೊಂಡವಳಾಗುತ್ತಾಳೆ, ಅಷ್ಟೇ. ಅವನಿಗೆ ಬೇಕಾದದ್ದು ಅವಳೇ ಎತ್ತಿ ಎತ್ತಿ ಕೊಡುವುದು.

ಧನಮಿತ್ರ ಎಂಬ ಗೆಳೆಯನೊಬ್ಬ ಸಿಗುತ್ತಾನೆ. ಕೊಟ್ಟು ಕೊಟ್ಟು ಬರಿಗೈಯಾದವನು, ಅದಕ್ಕೇ ನಿಶ್ಚಯವಾಗಿದ್ದ ಹುಡುಗಿಯ ತಂದೆ ಈಗ ಅವಳನ್ನು ಅರ್ಥಪತಿ ಎಂಬ ಹಣವಂತನಿಗೆ ಕೊಡಲು ಹೊರಟಿದ್ದಾನೆ. ಇಬ್ಬರೂ ಸೇರಿ ತೊಗಲಿನ ಚೀಲದ ಕಥೆ ಕಟ್ಟುತ್ತಾರೆ. ಧನಮಿತ್ರ ನೇರವಾಗಿ ರಾಜನ ಬಳಿ ಹೋಗಿ, ಸಿದ್ಧನೊಬ್ಬ ಕೊಟ್ಟ ಚೀಲ ಇದು, ಕರಾರು ಹೀಗೆ ಹೀಗೆ ಎಂದು ಹೇಳಿಬಿಡುತ್ತಾನೆ. ಗುಟ್ಟು ಮಾಡುವುದಿಲ್ಲ, ದೊರೆಯ ಮುಂದೆಯೇ ಹೇಳುತ್ತಾನೆ! ದೊರೆ ನಂಬಿದ ಮೇಲೆ ಊರು ನಂಬದೆ ಇರುತ್ತದೆಯೇ? ದುಡ್ಡು ಇಟ್ಟರೆ ವರ್ಷದಲ್ಲಿ ದುಪ್ಪಟ್ಟು ಎಂದು ನಮ್ಮ ಪೇಟೆಗಳಲ್ಲಿ ಬೋರ್ಡು ಹಾಕಿ ಮಾಯವಾಗುವವರು ಕೂಡ ಉದ್ಘಾಟನೆಗೆ ದೊಡ್ಡವರನ್ನೇ ಕರೆಯುತ್ತಾರೆ. ಆಮೇಲೆ ಕಾಮಮಂಜರಿಯ ತಂಗಿ ರಾಗಮಂಜರಿಗೆ ಮನಸೋತ ಅಪಹಾರವರ್ಮ, ಆ ಚೀಲವನ್ನು ಕದ್ದು ತಂದುಕೊಡುತ್ತೇನೆ, ತಂಗಿಯನ್ನು ನನಗೆ ಕೊಡು ಎಂದು ಒಪ್ಪಂದ ಮಾಡಿಕೊಳ್ಳುತ್ತಾನೆ. ಕದ್ದ ಮಾಲು ಎಂದ ಮೇಲೆ ಅವಳ ನಂಬಿಕೆ ಇನ್ನೂ ಗಟ್ಟಿಯಾಯಿತು. ಸುಳ್ಳು ವಸ್ತುವನ್ನು ಯಾರು ತಾನೇ ಕದಿಯುತ್ತಾರೆ?

ಕಾಮಮಂಜರಿ ಕೊಡಲು ಶುರುಮಾಡಿದಳು. ವಿರೂಪಕನ ಆಸ್ತಿ ವಿರೂಪಕನಿಗೆ ಬಂತು. ಉಳಿದದ್ದು ದಾನಕ್ಕೆ ಹೋಯಿತು. ದುರಾಸೆಗೆ ಲೋಭಮಂಜರಿ ಎಂದು ಅಡ್ಡಹೆಸರು ಪಡೆದಿದ್ದವಳ ಮನೆಯಿಂದ ಈಗ ಒನಕೆ, ಒರಳು ಕೂಡ ದಾನವಾಗಿ ಹೊರಬೀಳತೊಡಗಿದವು! ಒನಕೆ ಒರಳು ಹೊರಬಿದ್ದದ್ದೇ ಧನಮಿತ್ರನಿಗೆ ಸಾಕ್ಷಿಯಾಯಿತು. ಅವನು ರಾಜನ ಮುಂದೆ ಹೇಳುತ್ತಾನೆ: ಇಷ್ಟು ಆಸೆಬುರುಕಿ ಹೀಗೆ ಕೊಡುತ್ತಿದ್ದಾಳೆ ಎಂದರೆ ಕಳುವಾದ ನನ್ನ ಚೀಲ ಅವಳಲ್ಲೇ ಇರಬೇಕು. ಒಳ್ಳೆಯ ಕೆಲಸ ಮಾಡಿದ್ದಕ್ಕೇ ಸಿಕ್ಕಿಬಿದ್ದಳು. ಅವಳು ಹೆದರಿ, ಅಪಹಾರವರ್ಮ ಹೇಳಿಕೊಟ್ಟಂತೆ ಅರ್ಥಪತಿಯ ಹೆಸರು ಹೇಳುತ್ತಾಳೆ. ಅರ್ಥಪತಿಯ ಆಸ್ತಿ ಮುಟ್ಟುಗೋಲಾಗಿ ಅವನು ಊರು ಬಿಡಬೇಕಾಗುತ್ತದೆ. ಒಂದು ಚೀಲ ಇಷ್ಟು ಜನರ ಲೆಕ್ಕ ಚುಕ್ತಾ ಮಾಡಿತು!

ನನಗೆ ದಂಡಿಯ ಮೇಲೆ ಪ್ರೀತಿ ಹುಟ್ಟಿದ್ದು ಇದಾದ ಮೇಲಿನ ಒಂದು ವಾಕ್ಯದಲ್ಲಿ. ಬೇರೆಯವರಾಗಿದ್ದರೆ ಕಾಮಮಂಜರಿಯನ್ನು ಬೀದಿಯಲ್ಲಿ ನಿಲ್ಲಿಸಿ, ತಕ್ಕ ಶಾಸ್ತಿಯಾಯಿತು ಎಂದು ಕೈತೊಳೆದುಕೊಳ್ಳುತ್ತಿದ್ದರು. ದಂಡಿ ಹಾಗೆ ಮಾಡುವುದಿಲ್ಲ. ಚೀಲದ ಬಿಸಿಲ್ಗುದುರೆಯ ಬೆನ್ನು ಹತ್ತಿ ಸರ್ವಸ್ವವನ್ನೂ ಎಸೆದ ಆ ಪಾಪದ ಹೆಂಗಸಿಗೆ, ಧನಮಿತ್ರನೇ ರಾಜನ ಬಳಿ ಶಿಫಾರಸು ಮಾಡಿ, ಅರ್ಥಪತಿಯ ಸೊತ್ತಿನಲ್ಲಿ ಒಂದು ಪಾಲು ಕೊಡಿಸುತ್ತಾನೆ. ಮೋಸ ಮಾಡಿದವನೇ ಮರುಗುತ್ತಾನೆ. ನಗು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದೆ.

ಇಷ್ಟು ಎರಡನೆಯ ಉಚ್ಛ್ವಾಸದ ಮಾತು. ಎಂಟನೆಯದಕ್ಕೆ ಬಂದರೆ, ಅದೇ ಆಟವನ್ನು ದಂಡಿ ಒಂದು ರಾಜ್ಯದ ಮೇಲೆ ಹೂಡಿದ್ದಾನೆ. ಬನವಾಸಿ ಬರುವುದು ಅಲ್ಲಿ.

ವಿದರ್ಭದ ದೊರೆ ಅನಂತವರ್ಮ. ಜಾಣ, ಆದರೆ ರಾಜನೀತಿ ಓದಲು ಬೇಸರ. ಮುದಿ ಮಂತ್ರಿ ಬುದ್ಧಿ ಹೇಳಿದರೆ, ವಿಹಾರಭದ್ರ ಎಂಬ ಆಸ್ಥಾನದ ರಸಿಕ ಕೌಟಿಲ್ಯನ ಅರ್ಥಶಾಸ್ತ್ರವನ್ನೇ ಗೇಲಿ ಮಾಡುತ್ತಾನೆ. ಹಗಲು ಎಂಟು ಭಾಗ, ರಾತ್ರಿ ಎಂಟು ಭಾಗ, ಲೆಕ್ಕ ನೋಡು, ಅಹವಾಲು ಕೇಳು, ಉಂಡ ಅನ್ನಕ್ಕೆ ವಿಷದ ಭಯ, ರಾಜನಿಗೆ ನಿದ್ದೆ ಯಾವಾಗ ಎಂದು ಕೇಳುತ್ತಾನೆ. ಅದನ್ನು ಓದುತ್ತಾ ನಗು ತಡೆಯಲಾರೆ. ಆಗ ನೆರೆಯ ಅಶ್ಮಕದ ವಸಂತಭಾನು ತನ್ನ ಕಡೆಯ ಚಂದ್ರಪಾಲಿತನನ್ನು ಗಡಿಪಾರಾದವನ ವೇಷದಲ್ಲಿ ಒಳಗೆ ಬಿಡುತ್ತಾನೆ. ಚಂದ್ರಪಾಲಿತನ ಕೆಲಸ ಒಂದೇ, ದುರ್ವ್ಯಸನಗಳನ್ನು ಸದ್ಗುಣಗಳೆಂದು ಹೊಗಳುವುದು. ಬೇಟೆ ಒಳ್ಳೆಯ ವ್ಯಾಯಾಮವಂತೆ. ಜೂಜಿನಲ್ಲಿ ಹಣದ ರಾಶಿಯನ್ನು ಹುಲ್ಲಿನ ಹಾಗೆ ಬಿಟ್ಟುಕೊಡಬೇಕಾದ್ದರಿಂದ ಮನಸ್ಸು ವಿಶಾಲವಾಗುತ್ತದಂತೆ! ಕಾಮಮಂಜರಿಗೆ ದಾನ ಮಾಡಿದರೆ ಹೊನ್ನು ಬರುತ್ತದೆ ಎಂದರು, ಅನಂತವರ್ಮನಿಗೆ ಸೋತರೆ ಔದಾರ್ಯ ಬರುತ್ತದೆ ಎಂದರು. ಕಳೆದುಕೊಳ್ಳುವುದನ್ನೇ ಗಳಿಕೆ ಎಂದು ನಂಬಿಸುವ ಉಪಾಯ ಹೆಣ್ಣಿಗೂ ಒಂದೇ, ಅರಸನಿಗೂ ಒಂದೇ. ಇಬ್ಬರೂ ಮೇಲೇರುತ್ತಿದ್ದೇವೆ ಎಂದುಕೊಂಡು ಇಳಿದುಹೋಗುತ್ತಾರೆ.

ವಿದರ್ಭ ಸಡಿಲವಾದದ್ದು ಕಂಡು ವಸಂತಭಾನು ಬನವಾಸಿಯ ಭಾನುವರ್ಮನನ್ನು ಎತ್ತಿಕಟ್ಟುತ್ತಾನೆ. ಭಾನುವರ್ಮ ಗಡಿ ದಾಟುತ್ತಾನೆ. ಅನಂತವರ್ಮ ಸಾಮಂತರನ್ನೆಲ್ಲ ಕೂಡಿಸಿ ನರ್ಮದೆಯ ದಡದಲ್ಲಿ ಬೀಡುಬಿಡುತ್ತಾನೆ. ಅಲ್ಲಿಯೂ ನೃತ್ಯ! ಕುಂತಲದ ದೊರೆ ಅವಂತಿದೇವನ ನರ್ತಕಿ, ಭೂಮಿಯ ಊರ್ವಶಿ ಎಂದೇ ಹೆಸರಾದವಳು, ಅವಳನ್ನು ಕರೆಸಿ, ಕುಣಿಸಿ, ತನ್ನವಳನ್ನಾಗಿ ಮಾಡಿಕೊಳ್ಳುತ್ತಾನೆ. ಆ ಅವಮಾನವನ್ನು ವಸಂತಭಾನು ಕುಂತಲದ ದೊರೆಯ ಕಿವಿಯಲ್ಲಿ ಊದುತ್ತಾನೆ. ಮಿತ್ರರೇ ತಿರುಗಿಬೀಳುತ್ತಾರೆ. ಮುಂದೆ ಬನವಾಸಿಯ ಸೇನೆ, ಬೆನ್ನ ಹಿಂದೆ ಕುಂತಲ ಮತ್ತಿತರರು, ನಡುವೆ ಅನಂತವರ್ಮ ಬೀಳುತ್ತಾನೆ. ವಸಂತಭಾನು ಬನವಾಸಿಯವನಿಗೆ ಒಂದಿಷ್ಟು ಪಾಲು ಕೊಟ್ಟು ಉಳಿದ ವಿದರ್ಭವನ್ನು ನುಂಗುತ್ತಾನೆ. ಕಾಮಮಂಜರಿಗೂ ಕೊನೆಗೆ ಸಿಕ್ಕಿದ್ದು ಒಂದಿಷ್ಟು ಪಾಲು, ನಮ್ಮ ಭಾನುವರ್ಮನಿಗೆ ಸಿಕ್ಕಿದ್ದೂ ಒಂದಿಷ್ಟು ಪಾಲು.

ಇದು ಬರೀ ಕಥೆಯೇ? ಇತಿಹಾಸಕಾರ ವಾಸುದೇವ ವಿಷ್ಣು ಮಿರಾಶಿ ಅವರಿಗೆ ಹಾಗೆ ಅನ್ನಿಸಲಿಲ್ಲ. ಅಜಂತಾ ಗುಹೆಗಳ ಕಾಲದ ವಾಕಾಟಕ ದೊರೆ ಹರಿಷೇಣ ಸತ್ತ ಮೇಲೆ ಅವನ ಸಾಮ್ರಾಜ್ಯ ಒಡೆದುಹೋದದ್ದರ ನೆನಪು ಈ ಅಧ್ಯಾಯದಲ್ಲಿದೆ ಎಂದು ಅವರು ವಾದಿಸಿದರು. ಅಜಂತಾದ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ವಾಲ್ಟರ್ ಸ್ಪಿಂಕ್ ಅದೇ ಓದನ್ನು ಹಿಡಿದು ಗುಹೆಗಳ ಕಾಲಗಣನೆಯನ್ನು ಜೋಡಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಈ ಕಡೆಯಿಂದ ನೋಡಿ. ಕದಂಬರ ವಂಶದಲ್ಲಿ ಭಾನುವರ್ಮ ನಿಜವಾಗಿಯೂ ಇದ್ದ! ಬನವಾಸಿಯ ದೊರೆ ರವಿವರ್ಮನ ತಮ್ಮ, ಹಲಸಿಯ ತಾಮ್ರಪಟದಲ್ಲಿ ಅವನ ಹೆಸರಿದೆ. ಕಾಲವೂ 500ರ ಆಸುಪಾಸು. ಅವನೇ ಇವನು ಎಂದು ಆಣೆಯಿಟ್ಟು ಹೇಳುವವನು ನಾನಲ್ಲ, ಆದರೂ ಹೆಸರು ಕಂಡಾಗ ಮೈ ಜುಂ ಎಂದಿತು. ಇನ್ನೂ ಇದೆ. ಬನವಾಸಿಯ ಬಳಿಯ ಗುಡ್ನಾಪುರದಲ್ಲಿ ಸಿಕ್ಕ ಕಂಬದ ಶಾಸನ ಇದೇ ರವಿವರ್ಮನದು. ಅವನು ಕಾಮದೇವನಿಗೊಂದು ಆಲಯ ಕಟ್ಟಿಸಿದ್ದನ್ನೂ, ಅದರ ಬಳಿಯ ಅಂತಃಪುರವನ್ನೂ ನೃತ್ಯಶಾಲೆಗಳನ್ನೂ ಅದು ಹೇಳುತ್ತದೆ. ಪುಸ್ತಕದಲ್ಲಿ ಕಾಮೋತ್ಸವ, ಪುಸ್ತಕದಲ್ಲಿ ಈ ನಾಡಿನ ನರ್ತಕಿ. ಕಲ್ಲಿನಲ್ಲಿ ಕಾಮನ ಗುಡಿ, ಕಲ್ಲಿನಲ್ಲಿ ನೃತ್ಯಶಾಲೆ. ಬಳ್ಳಿಗಾವೆಯವರು ಇಂದಿಗೂ ನಾಟ್ಯರಾಣಿ ಶಾಂತಲೆ ನಮ್ಮೂರಿನವಳು ಎನ್ನುತ್ತಾರೆ. ಸೊರಬ ತಾಲ್ಲೂಕಿನ ಕುಬಟೂರಿನವರು ತಮ್ಮ ಊರೇ ಚಂದ್ರಹಾಸನ ಕಥೆಯ ಕುಂತಲನಗರ ಎನ್ನುತ್ತಾರೆ. ಅದೇ ಊರಿನ ಕೋಟಿಪುರದ ಕೈಟಭೇಶ್ವರ ದೇವಾಲಯದಲ್ಲಿ, ಸುಮಾರು 1100ರ ಆ ನುಣುಪಾದ ಕಂಬಗಳ ನಡುವೆ ನಿಂತಾಗ ದಂಡಿಯ ಭೂಮಿಯ ಊರ್ವಶಿ ನೆನಪಾಗದೆ ಇರುವುದಿಲ್ಲ.

ಕಂಚಿಯ ಲೇಖಕನಿಗೆ ಬನವಾಸಿ ಹೇಗೆ ಗೊತ್ತು ಎಂದು ಕೇಳುವ ಹಾಗೆಯೇ ಇಲ್ಲ. ತಾಳಗುಂದದ ಕಂಬ ಅದನ್ನು ಎಂದೋ ಹೇಳಿದೆ. ಪ್ರಣವೇಶ್ವರ ದೇವಾಲಯದ ಮುಂದಿನ ಆ ಕಂಬದಲ್ಲಿ, ಸುಮಾರು 450ರಲ್ಲಿ, ಕುಬ್ಜ ಎಂಬ ಕವಿ ಬರೆದ ಕಾವ್ಯವಿದೆ. ತಾಳಗುಂದದ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲು ಪಲ್ಲವರ ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಕದಂಬ ರಾಜ್ಯ ಹುಟ್ಟಿದ್ದು ಎಲ್ಲ ಅಲ್ಲಿದೆ. ಶಿಕಾರಿಪುರದ ನೆಲದಿಂದ ಕಂಚಿಗೆ ಒಬ್ಬ ವಿದ್ಯಾರ್ಥಿ ಹೋದ. ಶತಮಾನಗಳಾದ ಮೇಲೆ ಕಂಚಿಯಿಂದ ಒಂದು ಪುಸ್ತಕ ಬನವಾಸಿಯ ಹೆಸರು ಹೊತ್ತು ಬಂತು. ಸಿಕ್ಕಿರುವ ಕನ್ನಡ ಗ್ರಂಥಗಳಲ್ಲೇ ಮೊದಲನೆಯದಾದ, 850ರ ಹೊತ್ತಿನ ‘ಕವಿರಾಜಮಾರ್ಗ’ ಬಹಳಷ್ಟು ನೆಚ್ಚಿಕೊಂಡದ್ದೂ ದಂಡಿಯ ‘ಕಾವ್ಯಾದರ್ಶ’ವನ್ನೇ.

ಆ ‘ಮಾರ್ಗ’ದ ನೃಪತುಂಗನ ಮಗ ಕೃಷ್ಣನ ಕಾಲದಲ್ಲಿ ಬಂದಳಿಕೆಯಲ್ಲಿ ಇನ್ನೊಬ್ಬ ಶ್ರೀಮಂತೆ ಇದ್ದಳು. ಎಲ್ಲ ಬಿಟ್ಟು ಹೊರಟ ಉಡುತಡಿಯ ಅಕ್ಕನನ್ನು ಎಲ್ಲರೂ ಬಲ್ಲರು, ಅವಳಿಗಿಂತ ಎರಡು ಶತಮಾನ ಹಿಂದಿನ ಜಕ್ಕಿಯಬ್ಬೆಯನ್ನು ಬಲ್ಲವರು ಕಡಿಮೆ. ಗಂಡ ನಾಗಾರ್ಜುನ ನಾಗರಖಂಡ 70ರ ನಾಳ್ಗಾವುಂಡ. ಅವನು ತೀರಿಕೊಂಡ ಮೇಲೆ ದೊರೆಯ ಅಪ್ಪಣೆಯಂತೆ ಆ ಅಧಿಕಾರ ಜಕ್ಕಿಯಬ್ಬೆಗೆ ಬಂತು. ಹೆಂಗಸಾದರೂ ಸಮರ್ಥವಾಗಿ ನಾಡಾಳಿದಳು ಎಂದು ಶಾಸನ ಹೊಗಳುತ್ತದೆ. ಕಾಯಿಲೆ ಬಿದ್ದಾಗ, ಸುಖಭೋಗಗಳಲ್ಲಿ ಹುರುಳಿಲ್ಲವೆಂದು ತಿಳಿದು, ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ಸಲ್ಲೇಖನ ಕೈಗೊಂಡಳು. ಚೀಲವಿಲ್ಲ, ಕರಾರಿಲ್ಲ, ಬೆಳಗಾಗುವಷ್ಟರಲ್ಲಿ ಹೊನ್ನು ಬರುವ ಆಸೆಯಿಲ್ಲ. ಇವಳ ಶಾಸನವನ್ನು ಓದಿದ ಮೇಲೆ ಕಾಮಮಂಜರಿಯ ಅಧ್ಯಾಯವನ್ನು ಮತ್ತೆ ತೆರೆದರೆ ದಂಡಿ ಯಾವುದನ್ನು ನೋಡಿ ನಗುತ್ತಿದ್ದಾನೆ ಎಂಬುದು ಥಟ್ಟನೆ ತಿಳಿಯುತ್ತದೆ. ಶ್ರೀಮಂತಿಕೆಯನ್ನೂ ಅಲ್ಲ, ದಾನವನ್ನೂ ಅಲ್ಲ, ದಾನವನ್ನೇ ಬಂಡವಾಳ ಮಾಡಿಕೊಳ್ಳಲು ಹೊರಟ ಲೆಕ್ಕಾಚಾರವನ್ನು.

ಕನ್ನಡಕ್ಕೆ ಈ ನಗು ಹೊಸದೇನಲ್ಲ. ದುರ್ಗಸಿಂಹ 1031ರ ಹೊತ್ತಿಗೆ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಬಳ್ಳಿಗಾವೆಯ ತ್ರಿಪುರಾಂತಕೇಶ್ವರ ದೇವಾಲಯದಲ್ಲಿ ಪಂಚತಂತ್ರದ ಕಥೆಗಳು ಕಲ್ಲಿಗೇ ಇಳಿದಿವೆ. ದೇವರ ಗುಡಿಯಲ್ಲಿ ಠಕ್ಕರ, ಪೆದ್ದರ ಕಥೆಗಳಿಗೆ ಜಾಗ ಕೊಟ್ಟ ಊರು! ಇನ್ನು ದಂಡಿಯ ಪುಸ್ತಕವನ್ನೇ 1300ರ ಸುಮಾರಿಗೆ ಪಂಢರಪುರದ ಚೌಂಡರಸ ‘ಅಭಿನವ ದಶಕುಮಾರಚರಿತೆ’ ಎಂದು ಚಂಪುವಾಗಿ ಬರೆದ. ಅದಕ್ಕೂ ಮುಂಚೆ ತೆಲುಗಿನಲ್ಲಿ ಕೇತನ ಬರೆದು ಅಭಿನವ ದಂಡಿ ಎನ್ನಿಸಿಕೊಂಡ. ನೆರೆಹೊರೆಯ ಎರಡು ಭಾಷೆಗಳು ಪೈಪೋಟಿಯಿಂದ ತಂದುಕೊಂಡ ಕಥೆ ಇದು. ಈಗ ನಮ್ಮ ಮನೆಗಳಲ್ಲಿ ಯಾರ ಕೈಯಲ್ಲೂ ಇಲ್ಲ ಎಂಬುದು ನನಗೆ ನಿಜವಾಗಿ ಸಂಕಟ ತರುತ್ತದೆ.

ಓದುವವರಿಗೆ ಒಂದು ಮಾತು. ಮೊದಲಿನಿಂದ ಶುರುಮಾಡಬೇಡಿ. ಪುಸ್ತಕದ ಆರಂಭದ ಭಾಗ ದಂಡಿಯದಲ್ಲ, ಅವನದು ಕಳೆದುಹೋಗಿ ಬೇರೆಯವರು ಸೇರಿಸಿದ್ದು. ಕೊನೆಯೂ ಹಾಗೆಯೇ, ಅವನ ಸ್ವಂತ ಬರಹ ಎಂಟನೆಯ ಉಚ್ಛ್ವಾಸದಲ್ಲಿ, ಆ ವಿದರ್ಭದ ಕಥೆ ಪೂರ್ತಿಯಾಗುವ ಮೊದಲೇ ನಿಂತುಹೋಗಿದೆ. ಎರಡನೆಯ ಉಚ್ಛ್ವಾಸಕ್ಕೆ ನೇರವಾಗಿ ಹೋಗಿ. ಮರೀಚಿ, ವಿರೂಪಕ, ದುಂಬಿಗಳ ಪೆಟ್ಟಿಗೆ, ತೊಗಲಿನ ಚೀಲ ಎಲ್ಲ ಅಲ್ಲೇ ಸಿಗುತ್ತವೆ. ಆಮೇಲೆ ಏಳನೆಯದನ್ನು ಯಾರ ಕೈಯಲ್ಲಾದರೂ ಗಟ್ಟಿಯಾಗಿ ಓದಿಸಿ, ಅವರ ತುಟಿಗಳನ್ನೇ ನೋಡುತ್ತಾ ಕುಳಿತುಕೊಳ್ಳಿ. ಎಂಟನೆಯದನ್ನು ಶಿಕಾರಿಪುರ, ಸೊರಬದ ಕಡೆ ಹೊರಟಾಗ ಜೊತೆಗಿಟ್ಟುಕೊಳ್ಳಿ. ಬಳ್ಳಿಗಾವೆ, ತಾಳಗುಂದ, ಬಂದಳಿಕೆ ಮೂರನ್ನೂ ಒಂದೇ ದಿನದಲ್ಲಿ ನೋಡಬಹುದು. ಕುಬಟೂರಿಗೆ ಇನ್ನೊಂದು ದಿನ ಇಟ್ಟುಕೊಂಡರೆ ಒಳ್ಳೆಯದು.